ದೈತ್ಯ ಕುಂಬಳದ ಬೇರಿಗೆ ನೀರು: ಎಷ್ಟು ಆಳ, ಎಷ್ಟು ಅಗಲ?

2025ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಬಳಿ ತಕ್ಕಡಿಗೇರಿದ ಒಂದು ಕುಂಬಳಕಾಯಿ 1,278.8 ಕಿಲೊ ತೂಗಿತು. ಅದನ್ನು ಬೆಳೆದವರು ಹ್ಯಾಂಪ್‌ಶೈರಿನ ಲಿಮಿಂಗ್ಟನ್ನಿನ ಅವಳಿ ಸಹೋದರರು, ಇಯಾನ್ ಮತ್ತು ಸ್ಟುವರ್ಟ್ ಪೇಟನ್. ಎರಡು ವರ್ಷ ಮೊದಲು ಅಮೆರಿಕದ ಮಿನೆಸೋಟ ರಾಜ್ಯದ ತೋಟಗಾರಿಕೆ ಶಿಕ್ಷಕರೊಬ್ಬರು ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಸ್ಪರ್ಧೆಗೆ ತಂದ ಕಾಯಿ 1,247 ಕಿಲೊ ಇತ್ತು. ಅದಕ್ಕೂ ಹಿಂದಿನ ದಾಖಲೆ 2021ರಲ್ಲಿ ಇಟಲಿಯ ಟಸ್ಕನಿಯಲ್ಲಿ ಬೆಳೆದ 1,226 ಕಿಲೊದ ಕಾಯಿಯದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೆನಡಾದ ಒಂಟಾರಿಯೊದ ವಿಲಿಯಂ ವಾರ್ನಕ್ ಬೆಳೆದ 403 ಪೌಂಡಿನ, ಅಂದರೆ ಸುಮಾರು 183 ಕಿಲೊದ ಕುಂಬಳವನ್ನು ಮೀರಿಸಲು ಜಗತ್ತಿಗೆ ಎಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಆಮೇಲಿನ ಐವತ್ತು ವರ್ಷಗಳಲ್ಲಿ ತೂಕ ಆರು ಪಟ್ಟಿಗೂ ಮಿಕ್ಕಿ ಏರಿದೆ.

ಈ ಏರಿಕೆಯ ಬಹುಪಾಲು ಸಲ್ಲಬೇಕಾದದ್ದು ಬೀಜಕ್ಕೆ. ಕೆನಡಾದ ನೋವಾ ಸ್ಕೋಶಿಯಾ ಪ್ರಾಂತ್ಯದ ವಿಂಡ್ಸರ್ ಊರಿನ ರೈತ ಹೊವರ್ಡ್ ಡಿಲ್ ವರ್ಷಗಟ್ಟಲೆ ಆಯ್ದು ಕೂಡಿಸಿ ರೂಪಿಸಿದ ‘ಅಟ್ಲಾಂಟಿಕ್ ಜೈಂಟ್’ ತಳಿಯ ಸಂತತಿಯೇ ಇಂದು ಎಲ್ಲ ದಾಖಲೆಗಳ ಬೆನ್ನಿಗಿದೆ. ಇದು ಕುಕುರ್ಬಿಟ ಮ್ಯಾಕ್ಸಿಮ ಪ್ರಭೇದ. ನಮ್ಮ ಮನೆಗಳಲ್ಲಿ ಹುಳಿಗೆ, ಪಲ್ಯಕ್ಕೆ ಹೆಚ್ಚುವ ಸಿಹಿಗುಂಬಳ ಬಹುತೇಕ ಕುಕುರ್ಬಿಟ ಮಾಸ್ಕಾಟ, ಅದರ ದಾಯಾದಿ. ಆದರೆ ಬೀಜ ಒಂದೇ ಆದರೂ ಒಬ್ಬರ ಕಾಯಿ 500 ಕಿಲೊಗೆ ನಿಲ್ಲುತ್ತದೆ, ಇನ್ನೊಬ್ಬರದು ಸಾವಿರ ದಾಟುತ್ತದೆ. ಈ ವ್ಯತ್ಯಾಸ ಹುಟ್ಟುವುದು ಮಣ್ಣಿನೊಳಗೆ. ಬೆಳೆಗಾರರ ನಡುವೆ ಮತ್ತೆ ಮತ್ತೆ ಚರ್ಚೆಗೆ ಬರುವ ಪ್ರಶ್ನೆಯೂ ಅದೇ: ಇಷ್ಟು ದೊಡ್ಡ ಬಳ್ಳಿಯ ಬೇರಿಗೆ ನೀರನ್ನು ಆಳಕ್ಕೆ ಮುಟ್ಟಿಸುವುದು ಹೇಗೆ? ನೆಲದಲ್ಲಿ ಕೊಳವೆ ಹೂಳಬೇಕೆ, ಹನಿ ನೀರಾವರಿ ಸಾಕೆ, ತುಂತುರು ಬೇಕೆ, ಒತ್ತಡದಿಂದ ನೀರು ಚುಚ್ಚುವ ಸಲಾಕೆ ಬೇಕೆ?

ಮೊದಲು ಬಳ್ಳಿಯ ಅಗತ್ಯ ಎಷ್ಟೆಂದು ನೋಡೋಣ. ಸ್ಪರ್ಧೆಗೆ ಬೆಳೆಯುವವರು ಒಂದು ಬಳ್ಳಿಗೆ ಒಂದೇ ಕಾಯಿ ಉಳಿಸುತ್ತಾರೆ. ಏಪ್ರಿಲಿನಲ್ಲಿ ಮನೆಯೊಳಗೆ ಬೀಜ ಮೊಳೆಸಿ, ಮೇ ತಿಂಗಳಲ್ಲಿ ಹೊರಗೆ ನೆಟ್ಟು, ಜೂನ್ ಕೊನೆಗೆ ಅಥವಾ ಜುಲೈ ಮೊದಲಿಗೆ ಕೈಯಿಂದ ಪರಾಗಸ್ಪರ್ಶ ಮಾಡುತ್ತಾರೆ. ಆ ಹೊತ್ತಿನಿಂದ ಸೆಪ್ಟೆಂಬರ್ ಕೊನೆಯವರೆಗಿನ ಮೂರು ತಿಂಗಳೇ ಕಾಯಿ ಬೆಳೆಯುವ ಅವಧಿ. ಬೆಳವಣಿಗೆಯ ತುದಿಯಲ್ಲಿ ಕಾಯಿ ದಿನಕ್ಕೆ 20 ಕಿಲೊದಷ್ಟು ಹಿಗ್ಗುವುದುಂಟು. ಅಷ್ಟರಲ್ಲಿ ಬಳ್ಳಿ ಮೂವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲದ ಜಾಗ ತುಂಬಿರುತ್ತದೆ, ಅಂದರೆ ಹತ್ತಿರ ಹತ್ತಿರ 84 ಚದರ ಮೀಟರ್. ಬಿಸಿಲಿನ ದಿನ ಇಂಥ ಎಲೆಹಂದರದಿಂದ 5-6 ಮಿಲಿಮೀಟರ್ ನೀರು ಆವಿಯಾಗುತ್ತದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ಹಾಗಾಗಿ ಒಂದೇ ಬಳ್ಳಿಗೆ ದಿನಕ್ಕೆ 420ರಿಂದ 500 ಲೀಟರ್ ಬೇಕು. ಬೆಳೆಗಾರರು ದಿನಕ್ಕೆ ನೂರು ಗ್ಯಾಲನ್ನಿಗೂ ಹೆಚ್ಚು ನೀರು ಕೊಡುತ್ತೇವೆ ಎನ್ನುವುದು ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಇಲ್ಲಿ ಗಮನಿಸಬೇಕಾದದ್ದು, ಈ ಐನೂರು ಲೀಟರಿನಲ್ಲಿ ಕಾಯಿಗೆ ಸೇರುವುದು ಎಷ್ಟು ಎಂಬುದು. ದಿನಕ್ಕೆ 20 ಕಿಲೊ ಹಿಗ್ಗುವ ಕಾಯಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು ಎಂದುಕೊಂಡರೂ ಅದು 18 ಲೀಟರ್. ಕೊಟ್ಟ ನೀರಿನ ನೂರಕ್ಕೆ ನಾಲ್ಕು ಪಾಲು ಮಾತ್ರ. ಉಳಿದದ್ದೆಲ್ಲ ಎಲೆಯ ರಂಧ್ರಗಳನ್ನು ತೆರೆದಿಟ್ಟು, ಎಲೆಯನ್ನು ತಂಪಾಗಿಟ್ಟು, ಸಕ್ಕರೆ ತಯಾರಿಕೆ ನಿಲ್ಲದಂತೆ ನೋಡಿಕೊಂಡು ಗಾಳಿಗೆ ಹೋಗುತ್ತದೆ. ಕಾಯಿಗೆ ಆ ಸಕ್ಕರೆಯನ್ನು ಹೊತ್ತೊಯ್ಯುವುದು ಫ್ಲೋಯಂ ನಾಳಗಳು. ಸಸ್ಯವಿಜ್ಞಾನಿ ಜೆಸ್ಸಿಕಾ ಸ್ಯಾವೇಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೈತ್ಯ ತಳಿಗಳಲ್ಲಿ ಹೆಚ್ಚಿರುವುದು ಈ ಅಂಗಾಂಶದ ಪ್ರಮಾಣ, ಹರಿವಿನ ವೇಗವಲ್ಲ. ಹೀಗಾಗಿ ಹೆಚ್ಚು ನೀರು ಸುರಿದರೆ ಕಾಯಿ ಅಷ್ಟೇ ಹೆಚ್ಚು ಊದುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಎಲೆಗೆ ಒಂದು ದಿನವೂ ನೀರಿನ ಕೊರತೆಯಾಗದಂತೆ, ಬೇರಿಗೆ ಒಂದು ದಿನವೂ ಉಸಿರು ಕಟ್ಟದಂತೆ ಮೂರು ತಿಂಗಳು ನಡೆಸಿಕೊಂಡು ಹೋಗುವುದೇ ನೀರಾವರಿಯ ಕೆಲಸ.

ಹಾಗಾದರೆ ಬೇರು ಇರುವುದೆಲ್ಲಿ? ಅಮೆರಿಕದ ನೆಬ್ರಾಸ್ಕದಲ್ಲಿ ಜಾನ್ ವೀವರ್ ಮತ್ತು ವಿಲಿಯಂ ಬ್ರೂನರ್ ತರಕಾರಿ ಬೆಳೆಗಳ ಪಕ್ಕದಲ್ಲಿ ಕಂದಕ ತೋಡಿ, ಬೇರುಗಳನ್ನು ಒಂದೊಂದಾಗಿ ಬಿಡಿಸಿ ಚಿತ್ರಿಸಿ 1927ರಲ್ಲಿ ಪುಸ್ತಕ ತಂದರು. ಕುಂಬಳದ ಜಾತಿಯ ಬಳ್ಳಿಗಳ ಬಗ್ಗೆ ಅವರು ತೋರಿಸಿದ್ದು ಇಂದಿಗೂ ಉಪಯುಕ್ತ. ತಾಯಿಬೇರು ಒಳ್ಳೆಯ ಮಣ್ಣಿನಲ್ಲಿ ಆರು ಅಡಿಯ ಹತ್ತಿರ ಇಳಿಯಬಲ್ಲದು ನಿಜ. ಆದರೆ ಹೀರುವ ಸಣ್ಣ ಬೇರುಗಳ ಜಾಲ ಮೇಲಿನ ಒಂದೆರಡು ಅಡಿಯಲ್ಲೇ ಬಳ್ಳಿಯ ಹರವಿನಷ್ಟು ಅಗಲಕ್ಕೆ ಹಬ್ಬಿರುತ್ತದೆ. ಜೊತೆಗೆ ಬಳ್ಳಿ ನೆಲ ಮುಟ್ಟಿದ ಗೆಣ್ಣುಗೆಣ್ಣಿನಲ್ಲೂ ಹೊಸ ಬೇರು ಮೂಡುತ್ತದೆ. ದೈತ್ಯ ಕುಂಬಳ ಬೆಳೆಗಾರರು ಈ ಗುಣವನ್ನು ಪೂರ್ತಿ ಬಳಸಿಕೊಳ್ಳುತ್ತಾರೆ. ಮುಖ್ಯ ಬಳ್ಳಿಯಿಂದ ಎರಡೂ ಬದಿಗೆ ಕವಲು ಬಳ್ಳಿಗಳನ್ನು ಸಾಲಾಗಿ ಬಿಟ್ಟು, ಪ್ರತಿ ಗೆಣ್ಣಿನ ಮೇಲೂ ಮಣ್ಣು ಮುಚ್ಚುತ್ತಾರೆ. ಕಾಯಿಯ ಅಕ್ಕಪಕ್ಕದ ಗೆಣ್ಣುಗಳ ಬೇರನ್ನು ಮಾತ್ರ ಕತ್ತರಿಸುತ್ತಾರೆ. ಕಾಯಿ ಎತ್ತರವಾದಂತೆ ಬಳ್ಳಿ ಮೇಲೇಳಬೇಕು, ಬೇರು ಹಿಡಿದುಕೊಂಡಿದ್ದರೆ ತೊಟ್ಟು ಮುರಿಯುತ್ತದೆ.

ನೀರಿನ ಪ್ರಶ್ನೆಗೆ ಇದರಿಂದಲೇ ಅರ್ಧ ಉತ್ತರ ಸಿಗುತ್ತದೆ. ಜುಲೈ ಹೊತ್ತಿಗೆ ಈ ಸಸ್ಯಕ್ಕೆ ಒಂದು ಬುಡ ಎಂಬುದೇ ಇರುವುದಿಲ್ಲ. ನೂರಾರು ಸಣ್ಣ ಬುಡಗಳು ಇಡೀ ಮಡಿಯ ತುಂಬ ಹರಡಿರುತ್ತವೆ. ಮೂಲ ಬುಡದ ಪಕ್ಕದಲ್ಲಿ ಒಂದು ಕೊಳವೆ ಹೂತು ಎರಡಡಿ ಆಳಕ್ಕೆ ನೀರು ಬಿಟ್ಟರೆ ಆ ನೂರಾರು ಬೇರುಗುಚ್ಛಗಳಿಗೆ ಏನೂ ಮುಟ್ಟುವುದಿಲ್ಲ. ಮೇಲಾಗಿ ಮೂಲ ಕಾಂಡದ ಬುಡ ಒದ್ದೆಯಾಗಿದ್ದಷ್ಟೂ ಕೊಳೆಯುವ ಅಪಾಯ ಹೆಚ್ಚು. ಅನುಭವಿಗಳು ಬೇಸಿಗೆಯ ನಡುಭಾಗದಿಂದ ಆಚೆಗೆ ಆ ಜಾಗವನ್ನು ಬೇಕೆಂದೇ ಒಣಗಲು ಬಿಡುತ್ತಾರೆ.

ಕೊಳವೆ ಹೂಳುವ ಪದ್ಧತಿಗೆ ಅದರದೇ ಆದ ಆಕರ್ಷಣೆ ಇದೆ. ರಂಧ್ರ ಕೊರೆದ ಪಿವಿಸಿ ಕೊಳವೆಯನ್ನು ನೆಟ್ಟಗೆ ಹೂತು, ಮೇಲಿನಿಂದ ನೀರು ತುಂಬುವುದು. ತಳಕ್ಕೆ ತೂತು ಹಾಕಿದ ಬಕೆಟ್ಟನ್ನು ಅರ್ಧ ಹೂಳುವುದೂ ಇದರ ಇನ್ನೊಂದು ರೂಪ. ಮೇಲ್ಮಣ್ಣಿನಿಂದ ಆವಿಯಾಗಿ ಹೋಗುವ ನೀರು ಉಳಿಯುತ್ತದೆ, ಕಳೆ ಕಡಿಮೆ, ಎಲೆ ಒದ್ದೆಯಾಗುವುದಿಲ್ಲ. ಹತ್ತಾರು ವರ್ಷ ಬದುಕುವ ಮರದ ಸಸಿಗೆ ಇದು ಸಲ್ಲುತ್ತದೆ. ಐದು ತಿಂಗಳಲ್ಲಿ ಮುಗಿಯುವ ಬಳ್ಳಿಗೆ ಸಲ್ಲದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮರಳು ಮಣ್ಣಿನಲ್ಲಿ ಕೊಳವೆಯ ತುದಿಯಿಂದ ಹೊರಟ ನೀರು ನೇರ ಕೆಳಗಿಳಿದು ಬೇರಿನ ಕೈಗೆ ಸಿಗದೆ ಹೋಗುತ್ತದೆ. ಜೇಡಿಯಲ್ಲಿ ಕೊಳವೆಗಾಗಿ ತೋಡಿದ ಗುಂಡಿಯ ಗೋಡೆ ನುಣ್ಣಗೆ ಮೆತ್ತಿಕೊಂಡು, ನೀರು ಇಂಗದೆ ತಳದಲ್ಲೇ ನಿಲ್ಲುತ್ತದೆ. ನಿಂತ ನೀರಿನಲ್ಲಿ ಆಮ್ಲಜನಕ ಚಲಿಸುವ ವೇಗ ಗಾಳಿಯಲ್ಲಿ ಚಲಿಸುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಬೇರು ಉಸಿರಾಡಲಾಗದೆ ಸಾಯುತ್ತದೆ. ಪಿಥಿಯಂ, ಫೈಟೊಫ್ತೋರ ಮೊದಲಾದ ಕೊಳೆರೋಗಗಳು ಬೇರೂರುವುದು ಇಂಥಲ್ಲೇ. ನೀರು ಕೊಟ್ಟೂ ಬಳ್ಳಿ ಬಾಡಿತು ಎಂದು ಇನ್ನಷ್ಟು ನೀರು ಕೊಡುವುದು ಇದರ ಮುಂದಿನ ಹಂತ.

ಒತ್ತಡದಿಂದ ನೀರು ಚುಚ್ಚುವ ಸಲಾಕೆಯೂ ಮೂಲತಃ ಮರಗಳಿಗಾಗಿ ಬಂದದ್ದು. ಮೊನೆಯನ್ನು ಮುಕ್ಕಾಲು ಅಡಿಯಿಂದ ಒಂದಡಿ ಇಳಿಸಿ ನೀರು ಅಥವಾ ಕರಗಿಸಿದ ಗೊಬ್ಬರವನ್ನು ಮಣ್ಣಿನೊಳಗೆ ತಳ್ಳುತ್ತದೆ. ಒಣಗಿ ಗಟ್ಟಿಯಾದ ಒಂದು ತೇಪೆಯನ್ನು ಮತ್ತೆ ಹದಕ್ಕೆ ತರಲು ಇದರಿಂದ ಉಪಕಾರವಿದೆ. ದಿನನಿತ್ಯದ ನೀರಿಗೆ ಇದನ್ನು ನಂಬಿದರೆ ಚುಚ್ಚಿದಲ್ಲೆಲ್ಲ ಬೇರು ತುಂಡಾಗುತ್ತದೆ, ನೀರು ಅದೇ ಬಿರುಕುಗಳಲ್ಲಿ ಓಡುತ್ತದೆ.

ನೀರನ್ನು ಆಳಕ್ಕೆ ಒಯ್ದು ಸುರಿಯುವುದು ಒಂದು ದಾರಿ. ಮೇಲಿಂದ ಕೊಟ್ಟ ನೀರು ತಾನಾಗಿ ಆಳಕ್ಕೆ ಇಳಿಯುವಂತೆ ಮಾಡುವುದು ಇನ್ನೊಂದು. ಎರಡನೆಯದೇ ಸರಿಯಾದ ದಾರಿ. ಅದಕ್ಕೆ ಬೇಕಾದದ್ದು ಸಮಯ ಮತ್ತು ಮಣ್ಣಿನ ಪರಿಚಯ. 25 ಮಿಲಿಮೀಟರ್ ನೀರು ಮರಳು ಮಣ್ಣನ್ನು ಹೆಚ್ಚುಕಡಿಮೆ ಒಂದಡಿ ಆಳ ನೆನೆಸುತ್ತದೆ. ಗೋಡು ಮಣ್ಣಿನಲ್ಲಿ ಅಷ್ಟೇ ನೀರು 15-20 ಸೆಂಟಿಮೀಟರ್ ಇಳಿಯುತ್ತದೆ, ಜೇಡಿಯಲ್ಲಿ 10-12. ಇಂಗುವ ವೇಗವೂ ಬೇರೆ ಬೇರೆ: ಮರಳಿನಲ್ಲಿ ಗಂಟೆಗೆ 25 ಮಿಲಿಮೀಟರ್ ಸುಲಭವಾಗಿ ಇಂಗಿದರೆ ಜೇಡಿಯಲ್ಲಿ ನಾಲ್ಕೈದು ಮಾತ್ರ. ಜೇಡಿ ಮಣ್ಣಿನ ಮಡಿಗೆ ಮೆದುಗೊಳವೆ ಹಿಡಿದು ಹತ್ತು ನಿಮಿಷ ನೀರು ಹಾಯಿಸಿದವರಿಗೆ ಮೇಲೆ ಕೆಸರು, ಕೆಳಗೆ ಒಣಮಣ್ಣು ಸಿಗುವುದು ಇದೇ ಕಾರಣಕ್ಕೆ.

ಎಷ್ಟು ದಿನಕ್ಕೊಮ್ಮೆ ಎಂಬುದನ್ನೂ ಇದೇ ರೀತಿ ಲೆಕ್ಕ ಹಾಕಬಹುದು. ಗೋಡು ಮಣ್ಣು ಒಂದು ಮೀಟರ್ ಆಳದಲ್ಲಿ ಗಿಡಕ್ಕೆ ಸಿಗುವ ನೀರನ್ನು ಸುಮಾರು 150 ಮಿಲಿಮೀಟರ್ ಹಿಡಿದಿಡುತ್ತದೆ. ಬೇರಿನ ಮುಖ್ಯ ಜಾಲವಿರುವ 45 ಸೆಂಟಿಮೀಟರಿನಲ್ಲಿ ಅದು 67 ಮಿಲಿಮೀಟರ್. ಅದರಲ್ಲಿ ನೂರಕ್ಕೆ ನಲವತ್ತು ಖರ್ಚಾದಾಗ ಮತ್ತೆ ತುಂಬಬೇಕು ಎಂದಿಟ್ಟುಕೊಂಡರೆ ಬಿರುಬಿಸಿಲಿನಲ್ಲಿ ನಾಲ್ಕೈದು ದಿನಕ್ಕೊಂದು ಸಲ ನಿಧಾನವಾಗಿ ಆಳ ನೀರು ಕೊಟ್ಟರೆ ನಡೆಯುತ್ತದೆ. ಮರಳು ಮಣ್ಣಿನ ಸಾಮರ್ಥ್ಯ ಇದರ ಅರ್ಧದಷ್ಟು. ಅಲ್ಲಿ ಎರಡು ದಿನಕ್ಕೇ ಖಾಲಿ. ಮರಳು ನೆಲದ ಬೆಳೆಗಾರ ದಿನವೂ ನೀರು ಕೊಡುತ್ತೇನೆ ಎಂದರೂ, ಗೋಡು ಮಣ್ಣಿನವನು ವಾರಕ್ಕೆ ಎರಡೇ ಸಲ ಎಂದರೂ ಇಬ್ಬರೂ ಸರಿಯೇ. ಒಬ್ಬರ ಗಡಿಯಾರವನ್ನು ಇನ್ನೊಬ್ಬರು ನಕಲು ಮಾಡಿದಾಗ ಬಳ್ಳಿ ಕೆಡುತ್ತದೆ. ಹವೆಯ ವ್ಯತ್ಯಾಸವನ್ನೂ ಇದಕ್ಕೆ ಸೇರಿಸಬೇಕು. ಅಟ್ಲಾಂಟಿಕ್ ಜೈಂಟ್ ಹುಟ್ಟಿದ ನೋವಾ ಸ್ಕೋಶಿಯಾದಲ್ಲಿ ಬೇಸಿಗೆಯುದ್ದಕ್ಕೂ ಮಳೆ ಬರುತ್ತದೆ, ಅಲ್ಲಿ ಬಸಿಗಾಲುವೆಯೇ ದೊಡ್ಡ ಚಿಂತೆ. ಕ್ಯಾಲಿಫೋರ್ನಿಯಾದಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ಮಳೆಯೇ ಇಲ್ಲ, ಬಳ್ಳಿಯ ಪೂರ್ತಿ ಹೊಟ್ಟೆ ತುಂಬಿಸುವುದು ನಲ್ಲಿಯ ನೀರು.

ಈ ಎಲ್ಲ ದೃಷ್ಟಿಯಿಂದ ಹನಿ ನೀರಾವರಿಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಕವಲು ಬಳ್ಳಿಗಳ ನಡುವೆ ಎರಡಡಿಗೊಂದರಂತೆ ಲ್ಯಾಟರಲ್, ಅಂದರೆ ಹನಿ ಕೊಳವೆ, ಎಳೆದು, ಅಡಿಗೊಂದು ಡ್ರಿಪ್ಪರ್ ಇಟ್ಟರೆ ನಮ್ಮ ಲೆಕ್ಕದ ಮಡಿಗೆ ಸುಮಾರು 460 ಡ್ರಿಪ್ಪರ್ ಬೇಕಾಗುತ್ತದೆ. ಗಂಟೆಗೆ ಎರಡು ಲೀಟರಿನವಾದರೆ ದಿನದ ಅಗತ್ಯ ಅರ್ಧ ಗಂಟೆಯಲ್ಲಿ ಮುಗಿಯಿತು. ಈ ಅಳತೆಯಲ್ಲಿ ಮಡಿಗೆ ಗಂಟೆಗೆ 11 ಮಿಲಿಮೀಟರ್ ನೀರು ಬೀಳುತ್ತದೆ, ಜೇಡಿಗೆ ಅದು ಹೆಚ್ಚು. ಅಲ್ಲಿ ಗಂಟೆಗೆ ಒಂದು ಲೀಟರಿನ ಡ್ರಿಪ್ಪರ್ ಹಾಕಿ, ಒಂದಷ್ಟು ಹೊತ್ತು ಬಿಟ್ಟು, ಇಂಗಲು ಸಮಯ ಕೊಟ್ಟು, ಮತ್ತೆ ಬಿಡಬೇಕು. ಹನಿ ಬಿದ್ದಲ್ಲಿ ನೆನೆಯುವ ವೃತ್ತವೂ ಮಣ್ಣಿನಂತೆ ಬದಲಾಗುತ್ತದೆ: ಮರಳಿನಲ್ಲಿ ಒಂದಡಿ ಅಗಲದ ಕಂಬ, ಜೇಡಿಯಲ್ಲಿ ಎರಡು ಮೂರು ಅಡಿಯ ಬೋಗುಣಿ. ಅದಕ್ಕಾಗಿ ಮರಳಿನಲ್ಲಿ ಲ್ಯಾಟರಲ್‌ಗಳನ್ನು ಇನ್ನೂ ಒತ್ತಾಗಿ ಹಾಕಬೇಕು. ಮೇಲೆ ಹುಲ್ಲಿನದೋ ಮರದ ಚಕ್ಕೆಯದೋ ಹೊದಿಕೆ ಇದ್ದರೆ ಮೇಲ್ಮಣ್ಣಿನ ಬೇರುಗಳು ಬೇಯುವುದಿಲ್ಲ.

ಲ್ಯಾಟರಲ್‌ಗಳನ್ನು ಅರ್ಧ ಅಡಿ ಆಳದಲ್ಲಿ ಹೂಳುವುದು ಇದರ ಮುಂದುವರಿದ ರೂಪ. ನೆಲದ ಮೇಲ್ಮೈ ಒಣಗಿರುತ್ತದೆ, ಓಡಾಡಲು ಅನುಕೂಲ, ಎಲೆಯಡಿಯ ತೇವ ಕಡಿಮೆಯಾಗಿ ರೋಗದ ಒತ್ತಡವೂ ತಗ್ಗುತ್ತದೆ. ಆದರೆ ಕಟ್ಟಿಕೊಂಡ ಡ್ರಿಪ್ಪರ್ ಕಣ್ಣಿಗೆ ಬೀಳುವುದಿಲ್ಲ, ಇಲಿ ಕಡಿದದ್ದು ಗೊತ್ತಾಗುವಷ್ಟರಲ್ಲಿ ಒಂದು ಮೂಲೆ ಬಾಡಿರುತ್ತದೆ. ಹೊಸ ಗೆಣ್ಣುಗಳ ಎಳೆಬೇರಿಗೆ ಮೇಲ್ಮಣ್ಣಿನ ಹಸಿ ಬೇಕು, ಅದೂ ಸಿಗುವುದಿಲ್ಲ. ಮೂರು ತಿಂಗಳ ಕೆಲಸಕ್ಕೆ ಹೊದಿಕೆಯ ಅಡಿಯಲ್ಲಿ, ಮಣ್ಣಿನ ಮೇಲೆ ಹಾಸಿದ ಕೊಳವೆಯೇ ಒಳ್ಳೆಯದು.

ತುಂತುರನ್ನು ಬದಿಗಿಡುವ ಹಾಗಿಲ್ಲ. ಇಡೀ ಮಡಿಯನ್ನು ಸಮವಾಗಿ ನೆನೆಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಮಳೆಯ ಹಾಗೆ ಪ್ರತಿ ಗೆಣ್ಣಿಗೂ ನೀರು ಮುಟ್ಟುತ್ತದೆ. ಸಂಜೆ ಕೊಟ್ಟು ರಾತ್ರಿಯಿಡೀ ಎಲೆ ಒದ್ದೆಯಾಗಿದ್ದರೆ ರೋಗ ಬರುತ್ತದೆ, ಬೆಳಗ್ಗೆ ಕೊಟ್ಟರೆ ಈ ಭಯ ಕಡಿಮೆ. ಇದರ ಜೊತೆಗೆ ನಡುಮಧ್ಯಾಹ್ನ ಕೆಲವು ನಿಮಿಷ ಮಂಜಿನಂತೆ ಸಿಂಪಡಿಸುವ ಪದ್ಧತಿಯೊಂದಿದೆ. ಅದರ ಉದ್ದೇಶ ಬೇರಿಗೆ ನೀರುಣಿಸುವುದಲ್ಲ, ಎಲೆಯನ್ನು ತಣಿಸುವುದು. ಕುಂಬಳದ ದೊಡ್ಡ ಎಲೆ ಮಧ್ಯಾಹ್ನ ಕಳೆದುಕೊಳ್ಳುವ ನೀರಿನ ವೇಗಕ್ಕೆ ಬೇರು ಸರಿಗಟ್ಟಲಾರದು. ಮಣ್ಣಿನಲ್ಲಿ ಬೇಕಾದಷ್ಟು ಹಸಿ ಇದ್ದರೂ ಎಲೆ ಜೋತುಬೀಳುತ್ತದೆ, ಸಂಜೆಗೆ ಮತ್ತೆ ಎದ್ದು ನಿಲ್ಲುತ್ತದೆ. ಮಧ್ಯಾಹ್ನದ ಈ ಬಾಡುವಿಕೆ ನೋಡಿ ಆಳ ನೀರು ಕೊಟ್ಟವರು ಬೇರನ್ನು ಮುಳುಗಿಸುತ್ತಾರೆ. ಬೆಳಗ್ಗೆ ಎದ್ದಾಗಲೂ ಎಲೆ ಬಾಡಿದ್ದರೆ ಮಾತ್ರ ಅದು ಬೇರಿನ ತೊಂದರೆ, ಆಗಲೂ ಮೊದಲು ಮಣ್ಣು ಅಗೆದು ನೋಡಬೇಕು.

ಬಳ್ಳಿಗೆ ದೂರದಿಂದ ನೀರುಣಿಸುವ ತಿಳಿವಳಿಕೆ ಬಹಳ ಹಳೆಯದು. ಕ್ರಿಸ್ತಪೂರ್ವ ಒಂದನೇ ಶತಮಾನದ ಚೀನಾದಲ್ಲಿ ಫಾನ್ ಶೆಂಗ್‌ಜ಼ಿ ಬರೆದ ಕೃಷಿ ಗ್ರಂಥ ಪೂರ್ತಿಯಾಗಿ ಉಳಿದಿಲ್ಲ, ಆರನೇ ಶತಮಾನದ ಇನ್ನೊಂದು ಗ್ರಂಥ ಉದ್ಧರಿಸಿದ ಭಾಗಗಳಲ್ಲಿ ಸಿಗುತ್ತದೆ. ಅದರಲ್ಲಿ ದೊಡ್ಡ ಸೋರೆಕಾಯಿ ಬೆಳೆಯುವ ವಿಧಾನವಿದೆ: ಒಂದೇ ಗುಂಡಿಯಲ್ಲಿ ಹತ್ತು ಬೀಜ ಬಿತ್ತಿ, ಹತ್ತು ಕಾಂಡಗಳನ್ನು ಒಟ್ಟಿಗೆ ಕಟ್ಟಿ ಬೆಸೆದು ಒಂದಾಗಿಸಿ, ಕೆಲವೇ ಕಾಯಿ ಉಳಿಸುವುದು. ಬರ ಬಂದರೆ ಗುಂಡಿಗೆ ನೇರ ನೀರು ಹೊಯ್ಯದೆ ಸುತ್ತ ಸಣ್ಣ ಕಾಲುವೆ ತೋಡಿ, ಅದರಲ್ಲಿ ನಿಂತ ನೀರು ಪಕ್ಕದಿಂದ ಒಸರಿ ಬೇರಿಗೆ ತಲುಪುವಂತೆ ಮಾಡಬೇಕೆಂದು ಅದು ಹೇಳುತ್ತದೆ. ಬುಡವನ್ನು ಒಣಗಿಟ್ಟು ಹರವಿಗೆ ನೀರು ಕೊಡು ಎಂಬ ಇಂದಿನ ಸಲಹೆ ಆಗಲೇ ಅಲ್ಲಿತ್ತು.

ಕರಬೂಜದಂಥ ಬಳ್ಳಿಗಳ ನಡುವೆ ಮಣ್ಣಿನ ಮಡಕೆ ಹೂತು ನೀರು ತುಂಬಿಡುವ ಕ್ರಮವೂ ಅದೇ ಗ್ರಂಥದಲ್ಲಿದೆ. ಸುಟ್ಟ, ಮೆರುಗಿಲ್ಲದ ಮಡಕೆಯ ಗೋಡೆಯಿಂದ ನೀರು ಒಸರುವ ವೇಗವನ್ನು ಸುತ್ತಲಿನ ಮಣ್ಣೇ ನಿರ್ಧರಿಸುತ್ತದೆ. ಮಣ್ಣು ಒಣಗಿದರೆ ಹೆಚ್ಚು ಎಳೆದುಕೊಳ್ಳುತ್ತದೆ, ಹಸಿಯಿದ್ದರೆ ಒಸರುವಿಕೆ ತಾನಾಗಿ ತಗ್ಗುತ್ತದೆ. 1970ರ ದಶಕದಲ್ಲಿ ಹರಿಯಾಣದ ಕರ್ನಾಲದಲ್ಲಿರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಆರ್. ಸಿ. ಮಂಡಲ್ ಇದನ್ನು ಪ್ರಯೋಗಕ್ಕೆ ಒಡ್ಡಿದರು, ಕುಂಬಳ ಜಾತಿಯ ತರಕಾರಿಗಳಿಗೇ. ನಮ್ಮ ಬಯಲುಸೀಮೆಯಲ್ಲೂ ತೆಂಗು, ಮಾವಿನ ಸಸಿಗಳ ಪಕ್ಕ ಮಡಕೆ ಹೂಳುವ ರೂಢಿಯಿದೆ. ಮನೆಬಳಕೆಯ ನಾಲ್ಕು ಸಿಹಿಗುಂಬಳದ ಬಳ್ಳಿಗೆ ಇದಕ್ಕಿಂತ ಮಿತವ್ಯಯದ ವಿಧಾನವನ್ನು ನಾನು ಕಾಣೆ. ಬೋರ್‌ವೆಲ್ ಬತ್ತಿದ ಊರಿನಲ್ಲಿ ಕೊಡದಲ್ಲಿ ಹೊತ್ತು ತಂದ ನೀರಿನಿಂದಲೂ ಒಂದು ಬಳ್ಳಿ ಫಲ ಕೊಡುತ್ತದೆ ಎಂಬುದು ಸಣ್ಣ ಮಾತಲ್ಲ. ಆದರೆ ದಿನಕ್ಕೆ ಐನೂರು ಲೀಟರ್ ಕುಡಿಯುವ ದೈತ್ಯನಿಗೆ ಮಡಕೆ ಸಾಲದು. ಒಂದು ಮಡಕೆ ದಿನಕ್ಕೆ ಎರಡು ಮೂರು ಲೀಟರ್ ಒಸರಿದರೂ ಇನ್ನೂರು ಮಡಕೆ ಬೇಕು.

ನೀರಿನ ತಾಪಮಾನವನ್ನು ಹಲವರು ಕಡೆಗಣಿಸುತ್ತಾರೆ. ಉತ್ತರದ ದೇಶಗಳಲ್ಲಿ ಆಳದ ಬಾವಿಯ ನೀರು ಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗಿರುತ್ತದೆ. ಕುಂಬಳ ಜಾತಿಯ ಬೇರು ತಣ್ಣಗಾದರೆ ನೀರು ಹೀರುವ ಶಕ್ತಿಯೇ ಕುಗ್ಗಿ, ಒದ್ದೆ ಮಣ್ಣಿನಲ್ಲೇ ಎಲೆ ಬಾಡುತ್ತದೆ. ಕಪ್ಪು ಪೀಪಾಯಿಗಳಲ್ಲಿ ನೀರು ತುಂಬಿಸಿ ಬಿಸಿಲಿಗಿಟ್ಟು ಮರುದಿನ ಬಿಡುವ ಬೆಳೆಗಾರರು ಮಾಡುವುದು ಶುದ್ಧ ವಿವೇಕದ ಕೆಲಸ.

ಮಣ್ಣು ತುಳಿದು ಗಟ್ಟಿಯಾದರೆ ಮೇಲಿನ ಯಾವ ವಿಧಾನವೂ ಫಲಿಸುವುದಿಲ್ಲ. ಮಡಿಯಲ್ಲಿ ಹಲಗೆ ಹಾಸಿ ಅದರ ಮೇಲೆಯೇ ನಡೆಯುವುದು, ನಾಟಿಗೆ ಮುನ್ನ ಆಳ ಉಳುಮೆ, ಹಿಂದಿನ ಶರತ್ಕಾಲದಲ್ಲೇ ಕೊಟ್ಟಿಗೆ ಗೊಬ್ಬರ ಸೇರಿಸುವುದು, ಇವೂ ಆಳ ನೀರಾವರಿಯ ಭಾಗಗಳೇ. ಮಣ್ಣು ಒಣಗಿದಷ್ಟೂ ಹೆಚ್ಚಿನ ಅಂಕ ತೋರಿಸುವ ಮಾಪಕಗಳಾದ ಎರಡು ಟೆನ್ಸಿಯೋಮೀಟರುಗಳನ್ನು 15 ಮತ್ತು 45 ಸೆಂಟಿಮೀಟರ್ ಆಳದಲ್ಲಿ ಇಟ್ಟವರಿಗೆ ಊಹೆಯ ಅಗತ್ಯ ಉಳಿಯುವುದಿಲ್ಲ. ಮೇಲಿನದು ಏರಿಳಿಯುತ್ತ ಕೆಳಗಿನದು ಸ್ಥಿರವಾಗಿದ್ದರೆ ನೀರು ಸರಿಯಾಗಿದೆ. ಕೆಳಗಿನದು ದಿನಗಟ್ಟಲೆ ಸೊನ್ನೆಯ ಬಳಿ ನಿಂತರೆ ಜೌಗು. ಕೆಳಗಿನದು ಏರುತ್ತಲೇ ಹೋದರೆ ನೀರು ಆಳ ಮುಟ್ಟುತ್ತಿಲ್ಲ. ಉಪಕರಣವಿಲ್ಲದವರು ಮಣ್ಣು ಕೊರೆಯುವ ಸಲಾಕೆಯಿಂದ ಒಂದೂವರೆ ಅಡಿಯ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡಲಿ: ಉಂಡೆ ನಿಂತು, ಹೆಬ್ಬೆರಳು ತಾಗಿಸಿದರೆ ಉದುರಬೇಕು.

ಆಗಸ್ಟ್ ಕೊನೆಯಿಂದ ಲೆಕ್ಕ ಮತ್ತೆ ಬದಲಾಗುತ್ತದೆ. ಹಗಲು ಚಿಕ್ಕದಾಗಿ, ರಾತ್ರಿ ತಣ್ಣಗಾಗಿ, ಹಳೆಯ ಎಲೆಗಳು ಸೋತು, ಬಳ್ಳಿಯ ಖರ್ಚು ದಿನಕ್ಕೆ ಮೂರು ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಜುಲೈಯಲ್ಲಿ ಹೊಂದಿಸಿದ ಟೈಮರನ್ನು ಹಾಗೇ ಬಿಟ್ಟವರ ಮಡಿ ಈ ಹೊತ್ತಿಗೆ ಕೆಸರಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಮಣ್ಣು ಒಣಗಲು ಬಿಟ್ಟು ಒಮ್ಮೆಲೇ ನೀರು ತುಂಬಿಸಿದರೆ ಕಾಯಿ ಒಳಗಿಂದ ಹಿಗ್ಗುವ ರಭಸಕ್ಕೆ ಸಿಪ್ಪೆ ಹೊಂದಿಕೊಳ್ಳಲಾರದೆ ಸೀಳುತ್ತದೆ. ಸೀಳು ಒಳಗಿನ ಟೊಳ್ಳನ್ನು ಮುಟ್ಟಿದರೆ ಇಂಥ ಸ್ಪರ್ಧೆಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಗ್ರೇಟ್ ಪಂಪ್ಕಿನ್ ಕಾಮನ್‌ವೆಲ್ತ್‌ನ ನಿಯಮದಂತೆ ಆ ಕಾಯಿ ಸ್ಪರ್ಧೆಗೆ ಅನರ್ಹ, ತೂಕ ಎಷ್ಟೇ ಇರಲಿ. ಸೆಪ್ಟೆಂಬರಿನಲ್ಲಿ ದೊಡ್ಡ ಮಳೆಯ ಮುನ್ಸೂಚನೆ ಇದ್ದಾಗ ಎರಡು ದಿನ ಮೊದಲೇ ಸಣ್ಣ ಪ್ರಮಾಣದಲ್ಲಿ ನೀರು ಕೊಟ್ಟು ಮಣ್ಣನ್ನು ಮಧ್ಯಮ ಹದದಲ್ಲಿಡುವುದು, ಮಳೆ ನಿಂತ ಮೇಲೆ ಕೆಳಗಿನ ಟೆನ್ಸಿಯೋಮೀಟರ್ ಏರತೊಡಗುವವರೆಗೆ ಡ್ರಿಪ್ಪಿನ ಗೇಟ್‌ವಾಲ್ವ್ ಮುಚ್ಚಿಡುವುದು ಈ ಕೊನೆಯ ವಾರಗಳ ಕೆಲಸ. ಕಾಯಿ ಕೊಯ್ದ ಮೇಲೆ ಬಳ್ಳಿಯನ್ನು ಕಿತ್ತೆಸೆಯುವ ಮುನ್ನ ಮಡಿಗೆ ಅಡ್ಡವಾಗಿ ಎರಡಡಿ ಆಳದ ಒಂದು ಕಂದಕ ತೋಡಿ, ಬದಿಯ ಮಣ್ಣನ್ನು ನೀರಿನಿಂದ ಮೆಲ್ಲಗೆ ತೊಳೆದು, ಬಿಳಿಬೇರು ಎಲ್ಲಿಯವರೆಗೆ ಹೋಗಿದೆ, ಎಲ್ಲಿ ಕಂದಾಗಿ ಕೊಳೆತಿದೆ ಎಂದು ಗುರುತಿಸಿಕೊಂಡವರು ಮುಂದಿನ ವರ್ಷದ ಲ್ಯಾಟರಲ್‌ಗಳನ್ನು ಎಲ್ಲಿ ಎಳೆಯಬೇಕೆಂದು ಆ ದಿನವೇ ಬರೆದಿಟ್ಟುಕೊಳ್ಳಬಹುದು.